ತಾಯಿಯ ನೋವೂ ಶಿಶುವಿನ ಉಸಿರೂ

ಭದ್ರಾ ನದಿಯ ಅಣೆಕಟ್ಟಿನಿಂದಾಗಿ ಲಕ್ಕವಳ್ಳಿಯ ಹೆಸರು ನಾಡಿಗೆಲ್ಲ ಪರಿಚಿತವಾಗಿದೆ. 1965ರಲ್ಲಿ ಪೂರ್ಣಗೊಂಡ ಆ ಕಟ್ಟೆಯಲ್ಲಿ 186 ಅಡಿಗಳವರೆಗೆ ನೀರು ನಿಲ್ಲುವುದು. ಆ ನೀರನ್ನು ನಂಬಿ ಶಿವಮೊಗ್ಗೆ, ದಾವಣಗೆರೆ ಸೀಮೆಗಳ ರೈತರು ಭತ್ತವನ್ನೂ ಅಡಕೆಯನ್ನೂ ಬೆಳೆಯುತ್ತಿರುವರು. ಊರೂರಿಗೆ ಅನ್ನ ಕೊಟ್ಟ ಈ ಊರಿನ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ಕಷ್ಟವಾಗಿ ಶಸ್ತ್ರಕ್ರಿಯೆ ಬೇಕಾಯಿತೆಂದರೆ, ಆಕೆ ಊರುಬಿಟ್ಟು ಹೊರಡಲೇಬೇಕು. ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ತರೀಕೆರೆಗೋ, ಅಲ್ಲಿ ಸಾಧ್ಯವಾಗದಿದ್ದರೆ ಭದ್ರಾವತಿಗೋ, ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೋ ಆಕೆಯನ್ನು ಒಯ್ಯಬೇಕಾಗುವುದು. ಆ ದಾರಿಯಲ್ಲಿ ಆಕೆಯ ನೋವಿಗೆ ಏನು ಕೊಡಲಾಯಿತು, ಶಸ್ತ್ರಕ್ರಿಯೆಯ ಮೇಜಿನ ಮೇಲೆ ಆಕೆಗೆ ಯಾವ ಅರಿವಳಿಕೆ ಸಂದಿತು, ಅದರಿಂದ ಆಕೆಯ ಕೂಸಿಗೆ ಏನಾಗುವುದು ಎಂಬ ವಿಷಯವನ್ನು ಇಂದು ವಾಚಕರ ಮುಂದಿಡಬೇಕೆಂದು ನಾವು ಬಯಸುತ್ತೇವೆ.

ಈ ವಿಷಯ ವೈದ್ಯರಿಗೆ ಮಾತ್ರ ಸೇರಿದ್ದೆಂದು ಕೆಲವರು ಹೇಳಬಹುದು. ನಾವು ಹಾಗೆ ಭಾವಿಸುವುದಿಲ್ಲ. ಹೆರಿಗೆಯ ಮನೆಗಳಲ್ಲಿ ಇಂದು ಕೇಳಿಬರುತ್ತಿರುವ ಪ್ರಶ್ನೆಗಳು ಇವು: ಬೆನ್ನಿಗೆ ಚುಚ್ಚುವ ಸೂಜಿಯಲ್ಲಿ ಅಫೀಮಿನ ಅಂಶವಿದೆಯಂತೆ, ನಿಜವೇ? ಅದರಿಂದ ಮಗುವಿಗೆ ಮಂಕು ಕವಿಯುವುದಿಲ್ಲವೇ? ಬಾಣಂತಿ ಅಂಥ ಮದ್ದು ತೆಗೆದುಕೊಂಡು ಎದೆಹಾಲು ಕೊಡಬಹುದೇ? ಮುಂದೆ ಆಕೆಗೆ ಅದರ ಚಟ ಹತ್ತಿದರೇನು ಗತಿ? ಅಜ್ಜಿಯಂದಿರು ಕೇಳುವ ಈ ಪ್ರಶ್ನೆಗಳನ್ನು ಓದಿದ ಗೃಹಸ್ಥರೂ ಅಧಿಕಾರಿಗಳೂ ಅಷ್ಟೇ ಆತಂಕದಿಂದ ಕೇಳುತ್ತಿರುವರು. ಉತ್ತರ ಹೇಳುವವರಿಲ್ಲದೆ ಹೋದಾಗ, ನೋವನ್ನು ಸಹಿಸಿಕೊಂಡಿರುವುದೇ ಕ್ಷೇಮವೆಂದು ತಾಯಿಗೆ ಬೋಧಿಸಲಾಗುವುದು. ಭಯದ ಫಲವಾಗಿ ತಾಯಿ ನರಳುತ್ತಾಳೆ. ಅಜಾಗರೂಕತೆಯ ಫಲವಾಗಿ ಕೂಸು ಉಸಿರು ಕಳೆದುಕೊಳ್ಳಬಹುದು. ಎರಡನ್ನೂ ತಡೆಯಲು ಸಾಧ್ಯವಿರುವುದರಿಂದಲೇ ಈ ಮಾತನ್ನು ಎತ್ತಿದ್ದೇವೆ.

ಇದು ಕೆಲವೇ ಮಂದಿಯ ಕಷ್ಟವಾಗಿಯೂ ಉಳಿದಿಲ್ಲ. 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು, ನೂರಕ್ಕೆ 31.5ರಷ್ಟು ಶಿಶುಗಳು ಸಿಸೇರಿಯನ್ ಶಸ್ತ್ರಕ್ರಿಯೆಯಿಂದ ಹುಟ್ಟುತ್ತಿದ್ದವು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 23.6 ಆಗಿತ್ತು. ಒಂದು ಜನಸಮುದಾಯದಲ್ಲಿ ಶಸ್ತ್ರಕ್ರಿಯೆಗಳು ನೂರಕ್ಕೆ ಹತ್ತನ್ನು ಮೀರಿದ ಮೇಲೆ ತಾಯಂದಿರ ಮತ್ತು ಶಿಶುಗಳ ಮರಣ ಅದರಿಂದ ಮತ್ತಷ್ಟು ಇಳಿಯುವುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2015ರಲ್ಲಿ ತಿಳಿಸಿದ್ದಾರೆ. ಬೇಡದ ಶಸ್ತ್ರಕ್ರಿಯೆಗಳ ವಿಚಾರ ಬೇರೆಯೇ ಚರ್ಚೆಗೆ ಯೋಗ್ಯವಾದುದು. ಆದರೆ ಬೇಕಾಗಿ ನಡೆದದ್ದಾಗಲಿ ಬೇಡದೆ ನಡೆದದ್ದಾಗಲಿ, ಹೆರುವ ಮೂವರು ತಾಯಂದಿರಲ್ಲಿ ಸುಮಾರು ಒಬ್ಬಳು ಅರಿವಳಿಕೆಯ ಕೈಗೆ ತನ್ನನ್ನೂ ತನ್ನ ಕೂಸನ್ನೂ ಒಪ್ಪಿಸುತ್ತಿರುವಳೆಂಬುದು ಸಿದ್ಧವಾದ ಸಂಗತಿ.

ಅಫೀಮಿನ ಹಳೆಯ ಅಪಕೀರ್ತಿ

ಅಫೀಮೆಂದರೆ ನಮ್ಮ ಜನ ಬೆಚ್ಚುವುದಕ್ಕೆ ಕಾರಣವಿದೆ. ಈಸ್ಟ್ ಇಂಡಿಯಾ ಕಂಪನಿಯು ನಮ್ಮ ರೈತರಿಂದ ಗಸಗಸೆಯ ಗಿಡವನ್ನು ಬೆಳೆಸಿ, ಅಫೀಮನ್ನು ಚೀಣಾ ದೇಶಕ್ಕೆ ಸಾಗಿಸಿ ಹಣ ಮಾಡಿದ ಕಥೆಯನ್ನು ವಾಚಕರು ಬಲ್ಲರು. 1920ರ ದಶಕದಲ್ಲಿ ಮುಂಬಯಿಯ ಗಿರಣಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದ ಬಡ ತಾಯಂದಿರು ಕೂಸು ಅಳದೆ ಮಲಗಿರಲೆಂದು ಅಫೀಮು ಬೆರೆತ ಬಾಲಗೋಲಿಯನ್ನು ನುಂಗಿಸುತ್ತಿದ್ದರು. ಕೂಸು ಮಲಗುತ್ತಿತ್ತು, ಹಾಲಿಗೂ ಏಳದೆ ಸೊರಗುತ್ತಿತ್ತು, ಒಮ್ಮೊಮ್ಮೆ ಏಳುತ್ತಲೇ ಇರಲಿಲ್ಲ. ಅಂಥ ಅನುಭವವನ್ನು ಕಂಡ ಸಮಾಜದಲ್ಲಿ ಅಫೀಮಿನ ವರ್ಗದ ಔಷಧವೆಂದೊಡನೆ ಅಜ್ಜಿಯ ಎದೆ ನಡುಗಿದರೆ ಅದನ್ನು ಮೌಢ್ಯವೆನ್ನಲಾಗದು.

ವೈದ್ಯಶಾಸ್ತ್ರವೂ ಈ ಪಾಠವನ್ನು ಸುಲಭವಾಗಿ ಕಲಿಯಲಿಲ್ಲ. ಅಫೀಮಿನಿಂದ ಮಾರ್ಫೀನನ್ನು ಬೇರ್ಪಡಿಸಿದವನು ಜರ್ಮನಿಯ ಸೆರ್ಟ್ಯೂರ್ನರ್. ಅದು ಹತ್ತೊಂಬತ್ತನೆಯ ಶತಮಾನದ ಆರಂಭದ ಮಾತು. 1847ರಲ್ಲಿ ಎಡಿನ್‌ಬರೋ ನಗರದ ಸಿಂಪ್ಸನ್ ಎಂಬ ವೈದ್ಯನು ಮೊದಲು ಈಥರನ್ನೂ ಬಳಿಕ ಕ್ಲೋರೋಫಾರಮನ್ನೂ ಹೆರಿಗೆಯಲ್ಲಿ ಬಳಸಿದನು. ಪ್ರಸವವೇದನೆಯು ದೇವರ ಇಚ್ಛೆಯೆಂದೂ ಅದನ್ನು ತಗ್ಗಿಸುವುದು ಪಾಪವೆಂದೂ ಆಗ ಅಲ್ಲಿ ಆಕ್ಷೇಪಗಳೆದ್ದವು. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಹೆರಿಗೆಯಲ್ಲಿ ಕ್ಲೋರೋಫಾರಂ ತೆಗೆದುಕೊಂಡ ಮೇಲೆ ಆ ಆಕ್ಷೇಪದ ಕಾವು ಇಳಿಯಿತು. 1906ರ ಸುಮಾರಿಗೆ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಮಾರ್ಫೀನು ಮತ್ತು ಸ್ಕೋಪಾಲಮೀನು ಎಂಬ ಎರಡು ಮದ್ದುಗಳನ್ನು ಕೂಡಿಸಿ ಕೊಡುವ ಕ್ರಮ ಹೊರಟಿತು. ಅದಕ್ಕೆ ಮುಸ್ಸಂಜೆಯ ನಿದ್ದೆಯೆಂದು ಹೆಸರಾಯಿತು. ಹೆಂಗಸು ನೋವಿನಿಂದ ಕೂಗಿಕೊಂಡರೂ ಎಚ್ಚರವಾದ ಮೇಲೆ ಆಕೆಗೆ ಅದರ ನೆನಪೇ ಇರುತ್ತಿರಲಿಲ್ಲ. ಆದರೆ ಅನೇಕ ಶಿಶುಗಳು ಮಂಕಾಗಿ, ಉಸಿರಾಟ ಮಂದವಾಗಿ ಹುಟ್ಟುತ್ತಿದ್ದವು. ನೋವು ಮರೆತಿದ್ದವಳು ತಾಯಿ. ಬೆಲೆ ತೆತ್ತದ್ದು ಕೂಸು.

1939ರ ವೇಳೆಗೆ ಜರ್ಮನಿಯಲ್ಲಿಯೇ ಪೆಥಿಡೀನ್ ಎಂಬ ಕೃತಕ ಔಷಧ ಸಿದ್ಧವಾಯಿತು. ಮಾರ್ಫೀನಿಗಿಂತ ಇದು ನಿರಪಾಯಕರವೆಂದು ನಂಬಿ ಜಗತ್ತಿನ ಹೆರಿಗೆ ವಾರ್ಡುಗಳೆಲ್ಲವೂ ಇದನ್ನು ಬಳಕೆಗೆ ತಂದವು, ನಮ್ಮವೂ ಹೊರತಾಗಲಿಲ್ಲ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ, ಎಷ್ಟರಮಟ್ಟಿಗೆ ತಪ್ಪು ಎಂಬುದನ್ನು ತಿಳಿಯಲು ತಾಯಿಗೂ ಶಿಶುವಿಗೂ ನಡುವೆ ಇರುವ ಮಾಸಿನ ಗುಣವನ್ನು ಅರಿಯಬೇಕು.

ಮಾಸು ಗೋಡೆಯಲ್ಲ

ಮಾಸು ತಾಯಿಯ ರಕ್ತವನ್ನೂ ಶಿಶುವಿನ ರಕ್ತವನ್ನೂ ಬೇರೆಬೇರೆಯಾಗಿ ಇಟ್ಟಿರುವುದರಿಂದ, ಕೆಟ್ಟದ್ದನ್ನೆಲ್ಲ ತಡೆಯುವ ಗೋಡೆಯದು ಎಂಬ ಭಾವನೆ ಬಹುಕಾಲವಿತ್ತು. ಅದು ಗೋಡೆಯಾಗಿದ್ದರೆ ಶಿಶುವಿಗೆ ಅನ್ನವೂ ಪ್ರಾಣವಾಯುವೂ ಸಿಕ್ಕುತ್ತಿರಲಿಲ್ಲ. ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳೆಲ್ಲ ಅದನ್ನು ದಾಟುವುವು. ಅಫೀಮಿನ ವರ್ಗದ ಔಷಧಗಳು ಬಹುಮಟ್ಟಿಗೆ ಅಂಥವೇ. ತಾಯಿಯ ರಕ್ತದಲ್ಲಿ ಎಷ್ಟಿದೆ, ಎಷ್ಟು ಹೊತ್ತಿನಿಂದ ಇದೆ ಎಂಬುದರ ಮೇಲೆ ಶಿಶುವಿಗೆ ಎಷ್ಟು ಸೇರುವುದೆಂಬುದು ನಿಂತಿದೆ. ಈ ಔಷಧಗಳು ಮೆದುಳಿನ ಉಸಿರಾಟದ ಕೇಂದ್ರವನ್ನು ಮಂದಗೊಳಿಸುವುವು. ಗರ್ಭದಲ್ಲಿರುವ ತನಕ ಶಿಶುವಿಗೆ ತಾಯಿಯೇ ಉಸಿರು. ಮಂದವಾದರೂ ಅಪಾಯ ತೋರದು. ಹೊಕ್ಕುಳುಬಳ್ಳಿ ಕತ್ತರಿಸಿದ ಕ್ಷಣದಿಂದ ಶಿಶು ತಾನೇ ಉಸಿರಾಡಬೇಕು. ಮದ್ದಿನ ಪರಿಣಾಮ ಬೆಳಕಿಗೆ ಬರುವುದು ಆಗಲೇ.

ಪೆಥಿಡೀನಿನ ವಿಷಯದಲ್ಲಿ ಸಮಯವೇ ಮುಖ್ಯ. ತಾಯಿಗೆ ಮಾಂಸಖಂಡದಲ್ಲಿ ಸೂಜಿಮದ್ದು ಕೊಟ್ಟ ಸುಮಾರು ಎರಡು ಮೂರು ಗಂಟೆಗಳ ಹೊತ್ತಿಗೆ ಹುಟ್ಟಿದ ಶಿಶುವಿನಲ್ಲಿ ಮಂಕು ಅತ್ಯಧಿಕವಾಗಿ ಕಾಣುವುದು. ತಾಯಿಯ ದೇಹವು ಆ ಔಷಧದ ಬಹುಪಾಲನ್ನು ದಿನದೊಳಗೆ ಕಳೆದುಕೊಂಡರೆ, ಎಳೆಯ ಯಕೃತ್ತಿನ ಶಿಶುವಿಗೆ ಅದರ ಹಲವು ಪಟ್ಟು ಕಾಲ ಬೇಕು. ಪೆಥಿಡೀನ್ ಒಡೆದು ಹುಟ್ಟುವ ನಾರ್‌ಪೆಥಿಡೀನ್ ಎಂಬ ವಸ್ತುವಂತೂ ಶಿಶುವಿನ ದೇಹದಲ್ಲಿ ದಿನಗಟ್ಟಲೆ ಉಳಿಯುವುದು. ಅಂಥ ಕೂಸು ಅಳದೆ ಮಲಗಿರುವುದನ್ನು ಕಂಡು ಮನೆಯವರು ಸಾಧುಮಗುವೆಂದು ಹಿಗ್ಗುವುದುಂಟು. ವಾಸ್ತವವಾಗಿ ಅದಕ್ಕೆ ಮೊಲೆ ಚೀಪುವ ಚೈತನ್ಯ ಇರುವುದಿಲ್ಲ.

ಈಗ ಲಕ್ಕವಳ್ಳಿಯ ದಾರಿಯನ್ನು ಮತ್ತೆ ನೆನೆಯಬೇಕು. ಹಳ್ಳಿಯ ಕಡೆಯ ಗರ್ಭಿಣಿಯೊಬ್ಬಳಿಗೆ ನೋವು ಹೆಚ್ಚಿತೆಂದು ಒಂದು ಕಡೆ ಸೂಜಿಮದ್ದು ಕೊಡುವರು. ಹೆರಿಗೆ ಮುಂದುವರಿಯಲಿಲ್ಲವೆಂದು 108ರ ವಾಹನವನ್ನು ಕರೆಸಿ ಮತ್ತೊಂದು ಕಡೆಗೆ ಕಳುಹಿಸುವರು. ವಾಹನ ಬರುವುದಕ್ಕೂ ದಾರಿ ಸಾಗುವುದಕ್ಕೂ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆಯಾಗಿ ಶಸ್ತ್ರಕ್ರಿಯೆಗೆ ಅಣಿಮಾಡುವುದಕ್ಕೂ ಎರಡು ಮೂರು ಗಂಟೆಗಳು ಕಳೆಯುವುದು ಏನೂ ಅಸಂಭವವಲ್ಲ. ಅಂದರೆ, ಮದ್ದಿನ ಪ್ರಭಾವ ಶಿಶುವಿನ ಮೇಲೆ ಅತ್ಯಧಿಕವಾಗಿರುವ ಗಳಿಗೆಯಲ್ಲಿಯೇ ಆ ಶಿಶುವನ್ನು ಹೊರಗೆ ತೆಗೆಯಲಾಗುವುದು. ಸೂಜಿಮದ್ದು ಕೊಟ್ಟವರು ಒಬ್ಬರು. ಶಿಶುವನ್ನು ಎತ್ತಿಕೊಳ್ಳುವವರು ಇನ್ನೊಬ್ಬರು. ಯಾವ ಮದ್ದು, ಎಷ್ಟು, ಯಾವ ಹೊತ್ತಿನಲ್ಲಿ ಎಂಬ ಮೂರು ಮಾತುಗಳು ತಾಯಿ ಕಾರ್ಡಿನಲ್ಲಿಯೋ ಜೊತೆಗೆ ಕಳುಹಿಸುವ ಚೀಟಿಯಲ್ಲಿಯೋ ಬರೆದಿಲ್ಲವಾದರೆ, ಶಿಶು ಏಕೆ ಅಳುತ್ತಿಲ್ಲವೆಂಬುದನ್ನು ಎತ್ತಿಕೊಂಡವರು ಊಹಿಸಬೇಕಾಗುವುದು. ಕಾಸಿನ ಖರ್ಚಿಲ್ಲದ ಈ ಒಂದು ಸಾಲಿನ ಬರಹವು ಎಷ್ಟೋ ಯಂತ್ರಗಳಿಗಿಂತ ಬೆಲೆಯುಳ್ಳದ್ದು.

ಶಿಶುವಿನ ಸ್ಥಿತಿಯನ್ನು ಅಳೆಯಲು ಇಂದು ಜಗತ್ತೆಲ್ಲ ಬಳಸುವ ಅಳತೆಗೋಲೂ ಈ ಚಿಂತೆಯಿಂದಲೇ ಹುಟ್ಟಿತು. ನ್ಯೂಯಾರ್ಕಿನ ಅರಿವಳಿಕೆಯ ವೈದ್ಯೆ ವರ್ಜೀನಿಯಾ ಅಪ್ಗಾರ್ ಎಂಬಾಕೆ 1952ರಲ್ಲಿ, ಶಿಶುವಿನ ಹೃದಯದ ಬಡಿತ, ಉಸಿರಾಟ, ಮೈಯ ಬಿಗಿ, ಕೆಣಕಿದಾಗ ತೋರುವ ಪ್ರತಿಕ್ರಿಯೆ, ಮೈಬಣ್ಣ ಎಂಬ ಐದು ಲಕ್ಷಣಗಳಿಗೆ ಅಂಕ ಕೊಡುವ ಕ್ರಮವನ್ನು ಮುಂದಿಟ್ಟಳು. ತಾಯಿಗೆ ಕೊಟ್ಟ ಅರಿವಳಿಕೆಯಿಂದ ಶಿಶುವಿಗೆ ಏನಾಯಿತೆಂದು ತಿಳಿಯುವುದೂ ಆಕೆಯ ಉದ್ದೇಶಗಳಲ್ಲೊಂದು. ಅದುವರೆಗೆ ತಾಯಿಯನ್ನೇ ನೋಡುತ್ತಿದ್ದ ಕಣ್ಣುಗಳು ಶಿಶುವಿನ ಕಡೆಗೂ ತಿರುಗಿದವು.

ಬೆನ್ನಿನ ಸೂಜಿಯ ಕ್ರಮ

ಈಗ ಸಿಸೇರಿಯನ್ ಶಸ್ತ್ರಕ್ರಿಯೆಗಳಲ್ಲಿ ಬಹುಪಾಲು ತಾಯಿಯನ್ನು ಮೂರ್ಛೆಗೊಳಿಸದೆಯೇ ನಡೆಯುತ್ತಿವೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಔಷಧವನ್ನು ಸೇರಿಸಿ ಸೊಂಟದಿಂದ ಕೆಳಗೆ ಜಡಗೊಳಿಸುವ ಈ ಕ್ರಮವನ್ನು 1898ರಲ್ಲಿ ಜರ್ಮನಿಯ ಬೀರ್ ಎಂಬ ಶಸ್ತ್ರವೈದ್ಯನು ಶಸ್ತ್ರಕ್ರಿಯೆಗೆ ಬಳಸಿದನು. ಇದರಲ್ಲಿ ಮುಖ್ಯ ಕೆಲಸ ಮಾಡುವುದು ಬ್ಯುಪಿವಕೇನ್ ಎಂಬ, ಅಫೀಮಿಗೆ ಸಂಬಂಧವಿಲ್ಲದ ಔಷಧ. ಅದರೊಡನೆ ಫೆಂಟನಿಲ್ ಅಥವಾ ಮಾರ್ಫೀನನ್ನು ಅತ್ಯಲ್ಪವಾಗಿ ಬೆರೆಸುವುದುಂಟು. ಅಜ್ಜಿಯಂದಿರು ಕೇಳಿದ ಮೊದಲ ಪ್ರಶ್ನೆಗೆ ಉತ್ತರ, ಹೌದು, ಎಷ್ಟೋ ವೇಳೆ ಇರುವುದು.

ಆದರೆ ಎಷ್ಟು? ಶಸ್ತ್ರಕ್ರಿಯೆಯ ನೋವಿಗೆ ಮಾಂಸಖಂಡದಲ್ಲಿ ಕೊಡುವ ಮಾರ್ಫೀನು ಸಾಮಾನ್ಯವಾಗಿ 10 ಮಿಲಿಗ್ರಾಂ. ಬೆನ್ನಿನ ದ್ರವಕ್ಕೆ ಸೇರಿಸತಕ್ಕದ್ದು 100ರಿಂದ 150 ಮೈಕ್ರೋಗ್ರಾಂ. ಅಂದರೆ ಅದರ ನೂರರಲ್ಲೊಂದು ಪಾಲಿನ ಆಸುಪಾಸು. ಫೆಂಟನಿಲ್ ಆದರೆ 10ರಿಂದ 25 ಮೈಕ್ರೋಗ್ರಾಂ. ಕೆಲಸವಾಗಬೇಕಾದ ಸ್ಥಳಕ್ಕೇ ನೇರವಾಗಿ ತಲಪುವುದರಿಂದ ಇಷ್ಟು ಸಾಕಾಗುವುದು. ತಾಯಿಯ ರಕ್ತದಲ್ಲಿ ಬೆರೆಯುವುದು ಅತ್ಯಲ್ಪ, ಮಾಸನ್ನು ದಾಟಿ ಶಿಶುವಿಗೆ ಸೇರುವುದು ಅದಕ್ಕಿಂತಲೂ ಅಲ್ಪ. ಈ ಮಿತಿಯಲ್ಲಿ ಕೊಟ್ಟಾಗ ಶಿಶುವಿನ ಉಸಿರಾಟವೂ ಅಪ್ಗಾರ್ ಅಂಕಗಳೂ ಕುಂದುವುದಿಲ್ಲವೆಂಬುದು ಅನೇಕ ದೇಶಗಳ ಅನುಭವ. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಹಿರಿಯರ ಮಾತಿಗೆ ಇಲ್ಲಿ ಇನ್ನೊಂದು ಮುಖವಿದೆ: ಮಿತಿಯನ್ನೂ ಮಾರ್ಗವನ್ನೂ ಅರಿತರೆ ವಿಷವೆಂದು ಹೆದರಿದ್ದೂ ಉಪಕಾರಕ್ಕೆ ಬರುವುದು.

ಆ ಉಪಕಾರವೂ ಸಣ್ಣದಲ್ಲ. ಕರುಳೂ ಗರ್ಭಕೋಶವೂ ಎಳೆದಾಡಲ್ಪಡುವಾಗ ಆಗತಕ್ಕ ಒಳನೋವನ್ನು ಫೆಂಟನಿಲ್ ತಗ್ಗಿಸುವುದು. ಅದನ್ನು ಬೆರೆಸಿದರೆ ಬ್ಯುಪಿವಕೇನಿನ ಪ್ರಮಾಣವನ್ನು ಕಡಿಮೆ ಮಾಡಬಹುದು. ಅದರಿಂದ ತಾಯಿಯ ರಕ್ತದೊತ್ತಡ ಕುಸಿಯುವ ಸಂಭವವೂ ಕಡಿಮೆಯಾಗುವುದು. ಇದು ಗಮನಿಸಬೇಕಾದ ಮಾತು. ಬೆನ್ನಿನ ಸೂಜಿಯ ಕ್ರಮದಲ್ಲಿ ಶಿಶುವಿಗೆ ಬರತಕ್ಕ ಮುಖ್ಯ ಅಪಾಯವು ಅಫೀಮಿನ ಅಂಶದಿಂದ ಬರುವುದಲ್ಲ. ತಾಯಿಯ ರಕ್ತದೊತ್ತಡ ಇಳಿದು ಮಾಸಿಗೆ ಹರಿಯುವ ರಕ್ತ ಕುಗ್ಗುವುದರಿಂದ ಬರುವುದು. ತಾಯಿಯನ್ನು ಎಡಕ್ಕೆ ತುಸು ಓರೆಯಾಗಿಸಿ, ನಿಮಿಷ ನಿಮಿಷಕ್ಕೂ ಒತ್ತಡವನ್ನು ನೋಡುತ್ತ, ಫಿನೈಲೆಫ್ರೀನ್ ಮುಂತಾದ ಔಷಧದಿಂದ ಅದನ್ನು ಸಮನಾಗಿಟ್ಟರೆ ಶಿಶು ಕ್ಷೇಮವಾಗಿರುವುದು.

ತುರ್ತು ಒದಗಿದಾಗಲೋ, ತಾಯಿಗೆ ರಕ್ತಸ್ರಾವ ಹೆಚ್ಚಾದಾಗಲೋ, ರಕ್ತ ಹೆಪ್ಪುಗಟ್ಟುವ ಶಕ್ತಿ ಕೆಟ್ಟಾಗಲೋ ಪೂರ್ಣ ಮೂರ್ಛೆಯೇ ಬೇಕಾಗುವುದು. ಅಲ್ಲಿ ಹಿಂದಿನಿಂದ ನಡೆದುಬಂದ ಕಟ್ಟಳೆಯೊಂದಿದೆ: ಹೊಕ್ಕುಳುಬಳ್ಳಿಗೆ ಚಿಮಟಿ ಬೀಳುವವರೆಗೆ ಅಫೀಮಿನ ವರ್ಗದ ಔಷಧವನ್ನು ತಡೆಹಿಡಿಯುವುದು, ಬಿದ್ದೊಡನೆ ತಾಯಿಗೆ ಸಾಕಷ್ಟು ಕೊಡುವುದು. ಶಿಶುವಿನ ಉಸಿರನ್ನು ಕಾಯಲು ಹುಟ್ಟಿದ ಈ ಕಟ್ಟಳೆಗೂ ಅಪವಾದಗಳಿವೆ. ಗರ್ಭನಂಜಿನಿಂದ ರಕ್ತದೊತ್ತಡವೇರಿದ ತಾಯಿಗೆ ಗಂಟಲಿನಲ್ಲಿ ನಳಿಕೆಯಿಳಿಸುವಾಗ ಒತ್ತಡ ಒಮ್ಮೆಲೇ ಚಿಮ್ಮಿ ಮೆದುಳಿನಲ್ಲಿ ರಕ್ತಸ್ರಾವವಾಗುವ ಭಯವುಂಟು. ಅಂಥವಳಿಗೆ ಬೇಗ ಇಳಿದುಹೋಗತಕ್ಕ ಔಷಧವನ್ನು ಮೊದಲೇ ಕೊಡುವರು. ಆಗ ಶಿಶುವಿನ ಉಸಿರಿಗೆ ನೆರವಾಗಬಲ್ಲವರು ಪಕ್ಕದಲ್ಲಿ ಸಿದ್ಧರಾಗಿ ನಿಂತಿರಬೇಕು. ತಾಯಿಯನ್ನು ಉಳಿಸುವುದಕ್ಕಾಗಿ ಶಿಶುವಿಗೆ ಅರೆಗಳಿಗೆಯ ಮಂಕು ಬಂದರೆ ಅದಕ್ಕೆ ಪರಿಹಾರವುಂಟು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಮಾತ್ರ ಪರಿಹಾರವಿಲ್ಲ.

ಮಂಕಾಗಿ ಹುಟ್ಟಿದ ಶಿಶುವಿಗೆ ಮೊದಲು ಬೇಕಾದದ್ದು ಮರುಮದ್ದಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ನ್ಯಾಲೋಕ್ಸೋನ್ ಎಂಬುದು ಅಫೀಮಿನ ಪ್ರಭಾವವನ್ನು ಕಳೆಯುವ ಔಷಧವೇನೋ ಸರಿ. ಆದರೂ ಹೆರಿಗೆಯ ಕೋಣೆಯಲ್ಲಿ ಮೊದಲ ಉಪಚಾರವಾಗಿ ಅದನ್ನು ಶಿಶುವಿಗೆ ಕೊಡಬೇಕೆಂದು ಈಗ ವಿಧಿಸುತ್ತಿಲ್ಲ. ತಾಯಿ ಆ ಔಷಧಗಳ ಚಟಕ್ಕೆ ಸಿಕ್ಕಿದವಳಾಗಿದ್ದರೆ ಶಿಶುವಿಗೆ ಸೆಳವು ಬರುವ ಅಪಾಯವೂ ಉಂಟು. ಮೈಯೊರಸಿ, ಬೆಚ್ಚಗಿಟ್ಟು, ಪುಟ್ಟ ಮುಖವಾಡವನ್ನು ಬಾಯಿಮೂಗಿಗೆ ಕೂರಿಸಿ, ಕೈಚೀಲವನ್ನು ಒತ್ತಿ ಗಾಳಿ ಕೊಡುವುದೇ ಮೊದಲ ಚಿಕಿತ್ಸೆ. ದಾದಿಯರಿಗೂ ಇದನ್ನು ಕಲಿಸುವುದಕ್ಕೆಂದೇ 2009ರಲ್ಲಿ ಕೇಂದ್ರ ಸರ್ಕಾರದವರು ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವನ್ನು ಆರಂಭಿಸಿದರು.

ಬಾಣಂತಿಯ ಮೊದಲ ರಾತ್ರಿ

ಶಿಶುವಿನ ಮಾತಾಯಿತು, ತಾಯಿಯದೇನು? ಬೆನ್ನಿಗೆ ಸೇರಿದ ಮಾರ್ಫೀನು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳವರೆಗೂ ಗಾಯದ ನೋವನ್ನು ತಡೆಯಬಲ್ಲದು. ನೋವಿಲ್ಲದವಳು ಬೇಗ ಏಳುವಳು, ನಡೆಯುವಳು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳುವಳು. ಬೇಗ ನಡೆದಾಡಿದವಳ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಕಡಿಮೆ. ಇದಕ್ಕೆ ಪ್ರತಿಯಾಗಿ ಕೆಲವು ಉಪದ್ರವಗಳುಂಟು. ಮೂಗು ಮುಖಗಳಲ್ಲಿ ತುರಿಕೆ ಬರುವುದು ಬಹು ಸಾಮಾನ್ಯ. ಇದು ಮದ್ದಿನ ಸಹಜ ಪರಿಣಾಮ, ಹೆದರುವ ಕಾರಣವಿಲ್ಲ. ಓಕರಿಕೆ, ವಾಂತಿ, ಮೂತ್ರಕಟ್ಟು ಇವೂ ಉಂಟು; ಎಲ್ಲಕ್ಕೂ ಉಪಚಾರವಿದೆ. ಸೂಜಿ ಚುಚ್ಚಿದ ರಂಧ್ರದಿಂದ ದ್ರವ ಸೋರಿ ಕೆಲವರಿಗೆ ತಲೆನೋವು ಬರುವುದು; ಎದ್ದು ಕುಳಿತರೆ ಹೆಚ್ಚುವ, ಮಲಗಿದರೆ ತಗ್ಗುವ ಅಂಥ ನೋವನ್ನು ವೈದ್ಯರಿಗೆ ತಿಳಿಸಲೇಬೇಕು. ವರ್ಷಗಟ್ಟಲೆ ಕಾಡುವ ಸೊಂಟನೋವಿಗೆ ಆ ಸೂಜಿಯೇ ಕಾರಣವೆಂಬ ಮಾತಿಗೆ ಮಾತ್ರ ಪರಿಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಸೂಜಿಯಿಲ್ಲದೆ ಹೆತ್ತವರಲ್ಲಿಯೂ ಸೊಂಟನೋವು ಧಾರಾಳವಾಗಿ ಕಾಣುವುದು.

ನಿಜವಾಗಿ ಎಚ್ಚರವಿರಬೇಕಾದದ್ದು ಒಂದೇ ವಿಷಯದಲ್ಲಿ. ಬೆನ್ನಿನ ದ್ರವದಲ್ಲಿರುವ ಮಾರ್ಫೀನು ಮೆಲ್ಲಮೆಲ್ಲಗೆ ಮೇಲಕ್ಕೇರಿ ಮೆದುಳನ್ನು ತಲಪಬಹುದಾದ್ದರಿಂದ, ಬಹು ವಿರಳವಾಗಿಯಾದರೂ, ಶಸ್ತ್ರಕ್ರಿಯೆ ಮುಗಿದ ಎಷ್ಟೋ ಗಂಟೆಗಳ ಮೇಲೆ ತಾಯಿಯ ಉಸಿರಾಟ ಮಂದವಾಗಬಹುದು. ಬೆಳಿಗ್ಗೆ ಹೆತ್ತವಳಿಗೆ ಈ ಅಪಾಯ ಒದಗುವುದು ರಾತ್ರಿ, ದೀಪ ತಗ್ಗಿಸಿ ಎಲ್ಲರೂ ಮಲಗಿದ ಮೇಲೆ. ಸ್ಥೂಲಕಾಯದವರಿಗೂ, ನಿದ್ದೆಯಲ್ಲಿ ಉಸಿರು ಕಟ್ಟುವ ಅಭ್ಯಾಸವುಳ್ಳವರಿಗೂ, ಜೊತೆಗೆ ನಿದ್ದೆಯ ಔಷಧ ಕೊಟ್ಟವರಿಗೂ ಈ ಭಯ ಹೆಚ್ಚು. ಆದುದರಿಂದಲೇ, ಇಂಥ ಮದ್ದು ಪಡೆದವಳ ಉಸಿರಿನ ಎಣಿಕೆಯನ್ನೂ ಎಚ್ಚರದ ಮಟ್ಟವನ್ನೂ ಗಂಟೆ ಗಂಟೆಗೆ ನೋಡಿ ಬರೆಯತಕ್ಕದ್ದೆಂದೂ, ಇಪ್ಪತ್ತನಾಲ್ಕು ಗಂಟೆಗಳವರೆಗೆ ಕಣ್ಣಿಡತಕ್ಕದ್ದೆಂದೂ ಅರಿವಳಿಕೆಯ ವೈದ್ಯರು ನಿಯಮ ಮಾಡಿಕೊಂಡಿದ್ದಾರೆ. ಬಾಣಂತಿಯನ್ನು ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆಯಾದರೆ, ಬೆಳಗಾಗಲಿ ಎಂದು ಕಾಯಬಾರದು. ತಾಯಿಗೆ ನ್ಯಾಲೋಕ್ಸೋನ್ ಇಲ್ಲಿ ಪ್ರಾಣದಾನವೇ ಸರಿ. ಆದರೆ ಅದನ್ನು ಕೊಡಬೇಕಾದರೆ ಮೊದಲು ಯಾರಾದರೂ ನೋಡಬೇಕಷ್ಟೆ.

ಇನ್ನು ಎದೆಹಾಲು. ಹುಟ್ಟಿದ ಒಂದು ಗಂಟೆಯೊಳಗೆ ಮಗುವಿಗೆ ಮೊಲೆಯೂಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯವರ ಸಲಹೆ. ಬೆನ್ನಿನ ಸೂಜಿಯಲ್ಲಿ ತಾಯಿ ಎಚ್ಚರವಾಗಿಯೇ ಇರುವುದರಿಂದ ಶಸ್ತ್ರಕ್ರಿಯೆಯಾದವಳಿಗೂ ಇದು ಸಾಧ್ಯ. ಬೆನ್ನಿಗೆ ಕೊಟ್ಟ ಅಲ್ಪ ಮಾರ್ಫೀನಿನ ಕಾರಣದಿಂದ ಮೊದಲ ಹಾಲನ್ನು ಹಿಂಡಿ ಚೆಲ್ಲುವುದು ಅನ್ಯಾಯ. ಮೊದಲ ದಿನಗಳ ಹಾಲು ಕೆಲವೇ ಚಮಚದಷ್ಟು, ಅದರಲ್ಲಿ ಇಳಿಯುವ ಮದ್ದು ನಗಣ್ಯ. ಮನೆಗೆ ಹೋದ ಮೇಲೆ ನುಂಗುವ ಮಾತ್ರೆಗಳ ವಿಷಯ ಬೇರೆ. ಕೋಡೀನ್ ಮತ್ತು ಟ್ರಮಡಾಲ್ ಎಂಬವು ಕೆಲವರ ದೇಹದಲ್ಲಿ ಹುಟ್ಟುಗುಣದಿಂದಲೇ ಅತಿ ಬೇಗ ಪ್ರಬಲ ರೂಪಕ್ಕೆ ತಿರುಗಿ ಹಾಲಿನ ಮೂಲಕ ಶಿಶುವಿನ ಉಸಿರನ್ನು ಮಂದಗೊಳಿಸಬಹುದೆಂದು, ಹಾಲೂಡಿಸುವ ತಾಯಂದಿರು ಅವುಗಳನ್ನು ಸೇವಿಸದಿರುವುದೇ ಲೇಸೆಂದು ಅಮೆರಿಕಾದ ಔಷಧ ನಿಯಂತ್ರಣದವರು 2017ರಲ್ಲಿ ಎಚ್ಚರಿಸಿದರು. ಟ್ರಮಡಾಲ್ ನಮ್ಮಲ್ಲಿಯೂ ಬಳಕೆಯಲ್ಲಿರುವ ಔಷಧ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮೊದಲಾದವುಗಳಿಂದ ಬಹುಮಂದಿಯ ನೋವು ಹಿಡಿತಕ್ಕೆ ಬರುವಾಗ, ಹಳೆಯ ಚೀಟಿಯನ್ನು ತೋರಿಸಿ ಅಂಗಡಿಯಿಂದ ಬಲವಾದ ಮಾತ್ರೆ ತರಿಸಿಕೊಳ್ಳುವುದು ಸರ್ವಥಾ ಯುಕ್ತವಲ್ಲ.

ಚಟದ ಭಯಕ್ಕೂ ಇದೇ ಉತ್ತರ. 2016ರಲ್ಲಿ ಪ್ರಕಟವಾದ ಅಮೆರಿಕಾದ ಅಧ್ಯಯನವೊಂದರಲ್ಲಿ, ಮೊದಲು ಆ ಔಷಧವನ್ನೇ ಕಾಣದಿದ್ದು ಸಿಸೇರಿಯನ್ನಿನ ಬಳಿಕ ಪಡೆದ ಸುಮಾರು 300 ಮಂದಿಯಲ್ಲಿ ಒಬ್ಬಳು ಅದನ್ನು ತಿಂಗಳುಗಟ್ಟಲೆ ಮುಂದುವರಿಸಿದ್ದು ಕಂಡುಬಂದಿತು. ಅಲ್ಲಿ ಸೀಸೆಗಟ್ಟಲೆ ಮಾತ್ರೆಗಳನ್ನು ಮನೆಗೆ ಕೊಟ್ಟು ಕಳುಹಿಸುವ ವಾಡಿಕೆ ಬೆಳೆದಿತ್ತು. ಆಸ್ಪತ್ರೆಯಲ್ಲಿ, ಕಣ್ಣೆದುರಿಗೆ, ಒಂದು ಬಾರಿ ಬೆನ್ನಿಗೆ ಕೊಟ್ಟ ನೂರು ಮೈಕ್ರೋಗ್ರಾಮಿಗೂ ಆ ಸೀಸೆಗಳಿಗೂ ಹೋಲಿಕೆಯಿಲ್ಲ.

ಕಾವಲು ಯಾರದು?

ಹೀಗಿರುವಲ್ಲಿ ಮದ್ದನ್ನು ದೂರುವುದರಿಂದಲೂ ಪ್ರಯೋಜನವಿಲ್ಲ, ಹೊಗಳುವುದರಿಂದಲೂ ಪ್ರಯೋಜನವಿಲ್ಲ. ಮಾರ್ಗ, ಪ್ರಮಾಣ, ಸಮಯ, ಕಾವಲು ಎಂಬ ನಾಲ್ಕು ಸರಿಯಾಗಿದ್ದರೆ ತಾಯಿಗೂ ಮಗುವಿಗೂ ಕ್ಷೇಮ. ಒಂದು ತಪ್ಪಿದರೂ ಅಪಾಯ. ಮೊದಲ ಮೂರನ್ನು ವಿದ್ಯೆಯಿಂದ ಸಾಧಿಸಬಹುದು. ನಾಲ್ಕನೆಯದಕ್ಕೆ ಜನ ಬೇಕು. ಲಕ್ಕವಳ್ಳಿಯವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಕಟ್ಟೆ ಎಷ್ಟು ಭದ್ರವಾಗಿದ್ದರೂ ಮಳೆಗಾಲದಲ್ಲಿ ಬಾಗಿಲುಗಳ ಬಳಿ ಹಗಲೂ ರಾತ್ರಿಯೂ ಕಾವಲು ಇರಬೇಕೆಂಬುದನ್ನು ಅವರು ಬಲ್ಲರು.

ತಾಲ್ಲೂಕು ಆಸ್ಪತ್ರೆಗಳಲ್ಲಿ ಅರಿವಳಿಕೆಯ ವೈದ್ಯರ ಕೊರತೆ ದೇಶಕ್ಕೆಲ್ಲ ಸಾಮಾನ್ಯವಾದ ಕಷ್ಟ. ಇದನ್ನು ನೀಗಿಸಲೆಂದು ಸಾಮಾನ್ಯ ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯ ಶಿಕ್ಷಣ ಕೊಡುವ ಏರ್ಪಾಟು ನಡೆದುಬಂದಿದೆ. ಅಂಥ ಶಿಕ್ಷಣ ಪಡೆದವರನ್ನು ಹೆರಿಗೆಯಾಗತಕ್ಕ ಸ್ಥಳಗಳಲ್ಲಿಯೇ ನಿಲ್ಲಿಸಬೇಕೇ ಹೊರತು ಬೇರೆ ಕೆಲಸಗಳಿಗೆ ಹಂಚಬಾರದು. ಶಸ್ತ್ರಕ್ರಿಯೆ ಹಗಲಿನಲ್ಲಿ ಮುಗಿಯಿತೆಂದು ಸಮಾಧಾನಪಡದೆ, ಆ ರಾತ್ರಿ ಬಾಣಂತಿಯರ ಕೋಣೆಯಲ್ಲಿ ಎಷ್ಟು ಮಂದಿ ದಾದಿಯರು ಎಚ್ಚರವಾಗಿರುವರೆಂಬುದನ್ನು ಅಧಿಕಾರಿಗಳು ಕೇಳಬೇಕು.

ಔಷಧದ ವಿಷಯದಲ್ಲಿ ನಮ್ಮ ದೇಶದ ಸ್ಥಿತಿ ವಿಚಿತ್ರವಾದುದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದ ಗಸಗಸೆಯ ಬೆಳೆಯುಂಟು. ಗಾಜೀಪುರದಲ್ಲಿಯೂ ನೀಮಚದಲ್ಲಿಯೂ ಸರ್ಕಾರದ ಅಫೀಮಿನ ಕಾರ್ಖಾನೆಗಳುಂಟು. ಹೊರದೇಶಗಳ ಔಷಧೋದ್ಯಮಕ್ಕೂ ನಮ್ಮ ಅಫೀಮು ಹೋಗುತ್ತಿರುವುದು. ಹಾಗಿದ್ದರೂ 1985ರ ಮಾದಕ ಪದಾರ್ಥಗಳ ಕಾನೂನಿನ ಬಿಗಿಯಿಂದಾಗಿ ನಮ್ಮ ಆಸ್ಪತ್ರೆಗಳಿಗೇ ಮಾರ್ಫೀನು ದುರ್ಲಭವಾಯಿತು. 2014ರಲ್ಲಿ ಕಾನೂನನ್ನು ತಿದ್ದಿ, ಮಾರ್ಫೀನು, ಫೆಂಟನಿಲ್ ಮೊದಲಾದವುಗಳನ್ನು ಅತ್ಯಾವಶ್ಯಕ ಔಷಧಗಳೆಂದು ಎಣಿಸಿ ಪರವಾನಗಿಯ ತೊಡಕನ್ನು ಸಡಿಲಗೊಳಿಸಿದರು. ಕಾನೂನು ಸಡಿಲವಾದರೆ ಸಾಲದು. ಲೆಕ್ಕಪತ್ರಕ್ಕೆ ಹೆದರಿ ಔಷಧವನ್ನೇ ತರಿಸದಿರುವ ಅಭ್ಯಾಸವೂ ಬಿಡಬೇಕು.

ತಾಯಿಯ ಮೈಗೆ ಸೇರುವ ಪ್ರತಿ ಹನಿಗೂ ಲೆಕ್ಕವಿರಬೇಕೆಂಬುದನ್ನು ಬಳ್ಳಾರಿ ನಮಗೆ ಕಲಿಸಿದೆ. 2024ರ ನವೆಂಬರಿನಲ್ಲಿ ಅಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ತೀರಿಕೊಂಡರು. ಅನುಮಾನ ಬಿದ್ದದ್ದು ಅರಿವಳಿಕೆಯ ಮೇಲಲ್ಲ, ರಕ್ತನಾಳಕ್ಕೆ ಏರಿಸುವ ಸಾಮಾನ್ಯ ದ್ರಾವಣದ ಮೇಲೆ. ಆ ದುರಂತದ ಬಳಿಕ ಎಷ್ಟೋ ಗರ್ಭಿಣಿಯರು ಶಸ್ತ್ರಕ್ರಿಯೆಯ ಹೆಸರಿಗೇ ನಡುಗಿದ್ದರೆ ಆಶ್ಚರ್ಯವಿಲ್ಲ. ಅವರ ವಿಶ್ವಾಸವನ್ನು ಮರಳಿ ಗಳಿಸುವ ಮಾರ್ಗ ಒಂದೇ: ಏನು ಕೊಟ್ಟೆವು, ಎಷ್ಟು ಕೊಟ್ಟೆವು, ಏಕೆ ಕೊಟ್ಟೆವು ಎಂಬುದನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಹೇಳುವುದು, ಬರೆದಿಡುವುದು.

ನಾವು ನಡೆದುಬಂದ ದಾರಿ ಅಲ್ಪವಾದುದಲ್ಲ. 1946ರ ಭೋರ್ ಸಮಿತಿಯ ವರದಿಯ ಕಾಲಕ್ಕೆ ಈ ದೇಶದಲ್ಲಿ ಸಾವಿರ ಜೀವಂತ ಜನನಗಳಿಗೆ ಇಪ್ಪತ್ತು ತಾಯಂದಿರು ಸಾಯುತ್ತಿದ್ದರೆಂದು ಅಂದಾಜು ಮಾಡಲಾಗಿತ್ತು. 2018–20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಲಕ್ಷಕ್ಕೆ 69 ಮಂದಿ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತಿನ ಭೀತಿ ಬಹುಮಟ್ಟಿಗೆ ಕಳೆದಿದೆ. ಪಾವಗಡದ ಕಡೆಯಲ್ಲಿ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರ ಕೈಯಲ್ಲಿ ಮಾರ್ಫೀನೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಅಂಥ ಸೂಲಗಿತ್ತಿಯರ ಬಲವಿದ್ದುದು ಹೆತ್ತವಳ ಮಗ್ಗುಲು ಬಿಡದೆ ಕುಳಿತಿರುವುದರಲ್ಲಿ. ಇಂದು ನಮಗೆ ಔಷಧ ಬಂದಿದೆ, ವಿದ್ಯೆ ಬಂದಿದೆ. ಆ ಮಗ್ಗುಲು ಬಿಡದ ಕಾವಲು ಮಾತ್ರ ತಪ್ಪಬಾರದು.

ಆದುದರಿಂದ ಸರ್ಕಾರದವರಲ್ಲಿಯೂ ಮಹಾಜನರಲ್ಲಿಯೂ ನಮ್ಮ ಬೇಡಿಕೆ ಇಷ್ಟೇ. ಹೆರಿಗೆಗೆ ಕಳುಹಿಸುವ ಪ್ರತಿಯೊಬ್ಬಳ ಚೀಟಿಯಲ್ಲಿಯೂ ಕೊಟ್ಟ ಮದ್ದಿನ ಹೆಸರು, ಪ್ರಮಾಣ, ಗಳಿಗೆ ಬರೆದಿರಲಿ. ಶಸ್ತ್ರಕ್ರಿಯೆಯ ಕೋಣೆಯಲ್ಲಿ ತಾಯಿಗೊಬ್ಬರು, ಕೂಸಿಗೊಬ್ಬರು ತಿಳಿದವರಿರಲಿ. ಬಾಣಂತಿಯ ಮೊದಲ ರಾತ್ರಿ ಆಕೆಯ ಉಸಿರನ್ನು ಎಣಿಸುವ ಕಣ್ಣೊಂದು ಎಚ್ಚರವಾಗಿರಲಿ. ತಮ್ಮ ಮನೆಯ ಹೆಣ್ಣುಮಗಳನ್ನು ಆಸ್ಪತ್ರೆಗೆ ಸೇರಿಸುವ ಗೃಹಸ್ಥರು ನಾಚದೆ, ಹೆದರದೆ, ವಿನಯದಿಂದ ಇವುಗಳನ್ನು ವಿಚಾರಿಸಲಿ. ಲಕ್ಕವಳ್ಳಿಯ ಕಟ್ಟೆಯ ಕಾವಲಿಗೆ ನಾವು ಎಷ್ಟು ಎಚ್ಚರ ವಹಿಸುತ್ತೇವೆಯೋ ಅಷ್ಟನ್ನು ಆ ಊರಿನಿಂದ ಹೆರಿಗೆಗೆ ಹೊರಟ ತಾಯಿಯ ವಿಷಯದಲ್ಲಿ ವಹಿಸಿದರೆ, ಆಕೆಯ ನೋವೂ ನೀಗುವುದು, ಆಕೆಯ ಶಿಶುವಿನ ಉಸಿರೂ ಉಳಿಯುವುದು.